ಮೇಷ್ಟ್ರು ಚೆನ್ನಾಗಿದ್ದಾರೆ

ಜನವರಿ 11

ಅಮ್ಮಾ,

ನಿನ್ನ ಪತ್ರ ಬಂದಾಗಿನಿಂದ ದಿಂಬಿನ ಕೆಳಗೇ ಇದೆ. ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ಬೈಯಬೇಡ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಕಚ್ಚಿಕೊಂಡಿರುತ್ತದೆ. ಮನೆಗೆ ಬಂದು ಮತ್ತೆ ಫೋನ್ ಹಿಡಿದರೆ ನಿನಗೂ "ನಮಸ್ಕಾರ, ನಿಮ್ಮ ಮುದ್ದಿನ ಜೀವ ಇವತ್ತು ಹೇಗಿದೆ?" ಎಂದು ಶುರುಮಾಡಿಬಿಡುತ್ತೇನೆ. ಮೊನ್ನೆ ಹಾಲಿನವನಿಗೆ ಹಾಗೇ ಕೇಳಿಬಿಟ್ಟೆ. "ಯಾವ ಜೀವ ತಾಯಿ, ನಂಗಿರೋದು ಇದೊಂದೇ," ಅಂದ.

ನೀನು ಕೇಳಿರುವುದು ಒಂದೇ ಪ್ರಶ್ನೆ. ಕಂಪನಿಯವರು ನನ್ನ ದನದ ಆಸ್ಪತ್ರೆಯನ್ನು ಕೊಂಡುಕೊಳ್ಳುತ್ತೇವೆ ಅನ್ನುತ್ತಿದ್ದಾರೆ, ಏಪ್ರಿಲ್ ಮುಗಿಯುವುದರೊಳಗೆ ಹೂಂ ಅಥವಾ ಉಹೂಂ ಹೇಳಬೇಕಂತೆ, ನೀನು ಅದೇ ಕಂಪನಿಯ ಹೊಟ್ಟೆಯೊಳಗೆ ಕೂತಿದ್ದೀಯ, ಕೊಡಲೋ ಬೇಡವೋ ಹೇಳು ಎಂದು. ನಾನು ಹುಟ್ಟಿದಾಗಿನಿಂದ ನೀನು ನನ್ನನ್ನು ಕೇಳಿದ ಮೊದಲ ಸಲಹೆ ಇದು. ಒಂಬತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿ ಎದ್ದು ಬಂದವಳ ಹತ್ತಿರ ಡಾಕ್ಟರಮ್ಮ ಸಲಹೆ ಕೇಳುತ್ತಾಳೆಂದರೆ ನೀನು ಬರೆದ ಆ ಭುಜದ ನೋವು ಸುಮ್ಮನೆ ನೋವಲ್ಲ.

ಒಳಗೆ ಕೂತಿರುವುದೇನೋ ನಿಜ. ಆದರೆ ನಾನು ಕೂತ ಜಾಗದಿಂದ ಕಾಣುವುದು ಬಹಳ ಕಡಿಮೆ. ಉದ್ದನೆಯ ಹಾಲ್, ತೆರೆಯಲಾಗದ ಕಿಟಕಿಗಳು, ಮೇಜುಗಳ ನಡುವೆ ರಟ್ಟಿನ ಅಡ್ಡ. ಜನ ತಮ್ಮ ನಾಯಿಗೋ ಬೆಕ್ಕಿಗೋ ನಮ್ಮ ಕಂಪನಿಯ ಬೆಲ್ಟ್ ಕಟ್ಟುತ್ತಾರೆ. ಅದು ನಡೆದದ್ದು, ಮಲಗಿದ್ದು, ಕೆರೆದುಕೊಂಡದ್ದು ಎಲ್ಲವನ್ನೂ ಆ ಬೆಲ್ಟ್ ಗೆರೆ ಮಾಡಿ ಕಳಿಸುತ್ತದೆ. ಎಲ್ಲೋ ಕೂತ ಒಬ್ಬ ಡಾಕ್ಟರು ಗೆರೆ ನೋಡಿ "ಚೆನ್ನಾಗಿದೆ" ಎಂದೋ "ಮಾತ್ರೆ ಬದಲಿಸಿ" ಎಂದೋ ಬರೆಯುತ್ತಾರೆ. ನಾನು ಫೋನ್ ಮಾಡಿ ಅದನ್ನು ಸಕ್ಕರೆ ಹಾಕಿ ಓದುತ್ತೇನೆ. ನನ್ನ ಪಾಲಿಗೆ ಬಂದಿರುವವರು ಎರಡೇ ಥರದವರು. ಮಕ್ಕಳು ಈಗಲೇ ಬೇಡವೆಂದು ನಾಯಿ ಸಾಕಿದವರು, ಮಕ್ಕಳು ಹೊರಟುಹೋದ ಮೇಲೆ ನಾಯಿ ಸಾಕಿದವರು. ಮೊದಲನೆಯವರು ಅರ್ಧ ಮಾತಿಗೇ ಫೋನ್ ಇಡುತ್ತಾರೆ. ಎರಡನೆಯವರು ಇಡುವುದೇ ಇಲ್ಲ.

ಮಾತು ಉದ್ದವಾದರೆ ನಮ್ಮ ಮೇಲ್ವಿಚಾರಕಿ ಹಿಂದಿನಿಂದ ಬಂದು ಕುರ್ಚಿ ತಟ್ಟಿ "ಸಾಕು" ಅನ್ನುತ್ತಾಳೆ. ನಾವು ಅವಳನ್ನು ಸಾಕಕ್ಕ ಎಂದೇ ಕರೆಯುತ್ತೇವೆ. ಕೆಟ್ಟವಳಲ್ಲ. ಅವಳಿಗೂ ಯಾರೋ ಹಿಂದಿನಿಂದ ಸಾಕು ಅನ್ನುತ್ತಿರುತ್ತಾರೆ.

ಈಗ ಉತ್ತರ. ಕೊಟ್ಟುಬಿಡಮ್ಮ. ಕಂಪನಿ ಒಳ್ಳೆಯದು ಅಂತ ಹೇಳುತ್ತಿಲ್ಲ, ನನಗೆ ಗೊತ್ತಿಲ್ಲದ್ದನ್ನು ಹೇಳಲಾರೆ. ನಿನಗೆ ಸುಸ್ತಾಗಿದೆ, ಅದು ನನಗೆ ಗೊತ್ತು.

ನಿನ್ನ
ಬುಗುರಿ


ಜನವರಿ 29

ಬುಗುರಿ,

ನೀನು ಬೇಕರಿ ಬಿಟ್ಟೆ, ಕೊರಿಯರ್ ಬಿಟ್ಟೆ, ಹೂವಿನ ಅಂಗಡಿ ಬಿಟ್ಟೆ. ಈ ಕೆಲಸದಲ್ಲಿ ಏಳು ತಿಂಗಳು ಕಾಲೂರಿ ನಿಂತಿದ್ದೀಯ ಎಂದರೆ ಕುರ್ಚಿಗೆ ಯಾರೋ ಅಂಟು ಹಚ್ಚಿರಬೇಕು ಎಂದುಕೊಂಡೆ. ನಿಂತಿರುವುದು ಮುದುಕರ ಮಾತಿಗೆ ಎಂದು ಈಗ ಗೊತ್ತಾಯಿತು.

ನಿನ್ನ ಉತ್ತರ ಓದಿ ನಗು ಬಂತು. ನಾನು ಇಷ್ಟು ದಿನ ಕೈ ಸರಿಯಿಲ್ಲ, ರಸ್ತೆ ಸರಿಯಿಲ್ಲ, ಹಳೆಯ ಗಾಡಿ ಸರಿಯಿಲ್ಲ ಎಂದೆಲ್ಲ ಹೇಳಿಕೊಳ್ಳುತ್ತಿದ್ದೆ. ಸುಸ್ತಾಗಿದೆ ಎಂಬ ಮಾತು ನನಗೇ ಹೊಳೆದಿರಲಿಲ್ಲ.

ಎಡಗೈ ಈಗ ತಲೆ ಬಾಚುವಷ್ಟು ಮೇಲಕ್ಕೆ ಏಳುವುದಿಲ್ಲ. ಅದಕ್ಕೆ ಕೂದಲನ್ನೇ ಕತ್ತರಿಸಿಕೊಂಡೆ. ಬಂದಾಗ ನಗಬೇಡ. ಮೂವತ್ತೈದು ವರ್ಷ ಹಸುಗಳ ಗರ್ಭದೊಳಗೆ ತೋಳುಮಟ್ಟ ಕೈ ಇಟ್ಟು ಕರು ತಿರುಗಿಸಿದ ಕೈ ಇದು. ಅದು ಸೋತರೆ ಅದರ ತಪ್ಪಲ್ಲ.

ಇಲ್ಲಿ ಸಣ್ಣ ಕೊಟ್ಟಿಗೆಗಳು ಒಂದೊಂದಾಗಿ ಖಾಲಿಯಾಗುತ್ತಿವೆ. ಉಳಿದ ಕಡೆ ಹಸುವಿಗಿಂತ ಮೊದಲು ಯಜಮಾನನ ಮಂಡಿಯನ್ನು ನೋಡಬೇಕು, ಹಾಗಾಗಿದೆ. ಮಕ್ಕಳಿಗೆ ಹಸು ಬೇಡ. ಊರಾಚೆಯ ದೊಡ್ಡ ಶೆಡ್ಡಿನಲ್ಲಿ ಹಸುಗಳಿಗೆ ಬರವಿಲ್ಲ, ಆದರೆ ಅಲ್ಲಿ ಪ್ರತಿಯೊಂದರ ಕಿವಿಗೂ ಒಂದು ಯಂತ್ರ ಚುಚ್ಚಿದ್ದಾರೆ. ಯಾವುದಕ್ಕೆ ಜ್ವರ, ಯಾವುದು ಮೆಲುಕು ಹಾಕುತ್ತಿಲ್ಲ ಎಂದು ಅದೇ ಹೇಳುತ್ತದೆ. ಅಲ್ಲಿನ ಮ್ಯಾನೇಜರ್ ಹೋದ ವಾರ ಫೋನ್ ಮಾಡಿದ್ದ. ಆಂಟಿಬಯೋಟಿಕ್ ಕೊಡಲು ಈಗ ಡಾಕ್ಟರ ಸಹಿ ಬೇಕೇ ಬೇಕಂತೆ. ಗಾಡಿ ತೆಗೆಯುತ್ತೇನೆ, ಬಂದು ನೋಡುತ್ತೇನೆ ಎಂದೆ. "ಅಯ್ಯೋ, ನೀವ್ಯಾಕೆ ಬರ್ತೀರಿ ಮೇಡಂ, ಸಹಿ ಕಳಿಸಿ ಸಾಕು," ಎಂದ. ನನ್ನ ಕೈಗೆ ಬೇಡಿಕೆಯಿಲ್ಲ, ಬೆರಳಿಗೆ ಇದೆ.

ಕಂಪನಿಯಿಂದ ಬಂದವನು ಒಳ್ಳೆಯ ಹುಡುಗನ ಹಾಗೆ ಕಂಡ. ಬೂಟು ಬಿಚ್ಚಿ ಒಳಗೆ ಬಂದ. ಕೂಡಲೇ ತೀರ್ಮಾನ ಬೇಡ, ಏಪ್ರಿಲ್‌ವರೆಗೆ ಕೆಲಸ ಮಾಡಿ ನೋಡಿ ಎಂದು ಒಂದು ಕಂಪ್ಯೂಟರ್ ಇಟ್ಟು ಹೋಗಿದ್ದಾನೆ. ಕೊಟ್ಟರೆ ಮುಂದೆ ಮೂರು ವರ್ಷ ಇದೇ ಕೆಲಸ, ಆಮೇಲೆ ಪೂರ್ತಿ ವಿಶ್ರಾಂತಿ. ನೀನು ಹೇಳಿದ ಆ ಗೆರೆ ನೋಡುವ ಡಾಕ್ಟರು ಇನ್ನು ನಾನೇ. ನೀನು ಓದುವ ಸಕ್ಕರೆ ಮಾತಿನ ಹಿಂದೆ ನಾನಿರಬಹುದು, ಜೋಪಾನವಾಗಿ ಓದು.

ಬಿಸಿನೀರು ಕುಡಿ. ಗಂಟಲೇ ನಿನ್ನ ಬಂಡವಾಳ.

ನಿನ್ನ ಅಮ್ಮ


ಫೆಬ್ರವರಿ 20

ಅಮ್ಮಾ,

ನಿನ್ನ ಕೂದಲನ್ನು ಕಣ್ಣಮುಂದೆ ತಂದುಕೊಳ್ಳಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ ನಗು ಬಂತು. ನಗಬೇಡ ಎಂದು ನೀನು ಬರೆದಿದ್ದೆ, ಆದರೆ ಬಂದದ್ದನ್ನು ಬಂದಿಲ್ಲ ಎನ್ನಲೇ?

ನಿನಗೆ ಲಿಫ್ಟ್ ತಾತನ ವಿಷಯ ಹೇಳಬೇಕು. ನನ್ನ ಪಾಲಿನ ಮುದುಕರಲ್ಲಿ ಒಬ್ಬರು. ಕೆಲಸದಲ್ಲಿದ್ದಾಗ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುತ್ತಿದ್ದರಂತೆ. ಈಗ ನಾಲ್ಕನೆಯ ಮಹಡಿಯಲ್ಲಿ ಒಬ್ಬರೇ ಇದ್ದಾರೆ, ಆ ಕಟ್ಟಡದ ಲಿಫ್ಟ್ ಕೆಟ್ಟು ವರ್ಷವಾಗಿದೆ. "ರಿಪೇರಿ ಮಾಡೋಕೆ ಬರತ್ತೆ ಮಗಳೇ, ಆದ್ರೆ ಮುಟ್ಟೋ ಹಾಗಿಲ್ಲ, ನನ್ನ ಲೈಸೆನ್ಸು ಮುಗಿದಿದೆ," ಎಂದು ನಗುತ್ತಾರೆ. ಅವರ ನಾಯಿಯ ಹೆಸರು ಮೇಷ್ಟ್ರು. ಯಾರು ಬಂದರೂ ಎದುರಿಗೆ ಕೂತು ಮೇಲಿಂದ ಕೆಳಗೆ ನೋಡುತ್ತಿತ್ತು, ಅದಕ್ಕೆ ಆ ಹೆಸರು. ತಾತ ಅದಕ್ಕೆ ಬಹುವಚನವನ್ನೇ ಬಳಸುತ್ತಾರೆ. ಮೇಷ್ಟ್ರು ಎದ್ದರು, ಮೇಷ್ಟ್ರಿಗೆ ಇವತ್ತು ಸಿಟ್ಟು, ಮೇಷ್ಟ್ರು ಪಕ್ಕದ ಮನೆಯ ಚಪ್ಪಲಿ ತಿಂದರು. ಸ್ಕೂಲಿನಲ್ಲಿ ಮೇಷ್ಟ್ರನ್ನು ಕಂಡರೆ ಗೋಡೆ ಹಾರುತ್ತಿದ್ದವಳು ನಾನು. ಈಗ ಪ್ರತಿ ಭಾನುವಾರ ಫೋನ್ ಮಾಡಿ ಅವರ ಆರೋಗ್ಯ ವಿಚಾರಿಸುತ್ತೇನೆ, ನೋಡು ಕಾಲ.

ಈಚೆಗೆ ತಾತ ನಾಯಿಯ ಮಾತನ್ನು ಕಡಿಮೆ ಮಾಡಿದ್ದಾರೆ. ನನ್ನ ಮಾತನ್ನೇ ಕೇಳುತ್ತಾರೆ. ತಿಂದೆಯಾ, ಮನೆ ಬಾಡಿಗೆಯದೋ, ಅಮ್ಮ ಏನು ಮಾಡ್ತಾರೆ. ನೀನು ದನದ ಡಾಕ್ಟರು ಎಂದೆ. "ಹಾಗಾದ್ರೆ ನಿಮ್ಮಮ್ಮಂಗೆ ಸುಳ್ಳು ಹೇಳೋಕಾಗಲ್ಲ. ದನಕ್ಕೆ ಬಾಯಿಲ್ಲ, ಅವರ ಹತ್ರ ಬರೋರೆಲ್ಲ ಬಾಯಿಲ್ಲದೋರು," ಅಂದರು. ಅರ್ಥವಾಗಲಿಲ್ಲ, ಆದರೆ ಚೆನ್ನಾಗಿತ್ತು. ಮೇಷ್ಟ್ರು ಹೇಗಿದ್ದಾರೆ ಎಂದು ನಾನು ಕೊನೆಗೆ ಕೇಳಲೇಬೇಕು, ಕೇಳದಿದ್ದರೆ ಯಂತ್ರ ಕಾಲ್ ಮುಗಿಸಲು ಬಿಡುವುದಿಲ್ಲ. "ಮಲಗಿದ್ದಾರಮ್ಮ," ಅಂದರು. ಅಷ್ಟರಲ್ಲಿ ಸಾಕಕ್ಕ ಕುರ್ಚಿ ತಟ್ಟಿದಳು.

ನಿನ್ನ ಗೆರೆಗಳ ಕೆಲಸ ಹೇಗಿದೆ? ಭುಜ?

ಬುಗುರಿ


ಮಾರ್ಚ್ 14

ಬುಗುರಿ,

ಹೇಳಿದರೆ ನಂಬುವುದಿಲ್ಲ, ಹೋದ ಭಾನುವಾರ ಎಡಗೈಯಿಂದ ಮೇಲಿನ ಕಪಾಟಿನ ಡಬ್ಬ ಇಳಿಸಿದೆ. ಇಳಿಸಿ ಆಮೇಲೆ ಗೊತ್ತಾಯಿತು, ಎಡಗೈಯಿಂದ ಎಂದು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ.

ಗೆರೆಗಳ ಕೆಲಸದಲ್ಲಿ ಹೇಳುವಂಥದ್ದೇನಿಲ್ಲ. ಬೆನ್ನಿಗೆ ಒಂದು ದಿಂಬು, ಪಕ್ಕದಲ್ಲಿ ಕಾಫಿ. ನಾಯಿಗಳು, ಬೆಕ್ಕುಗಳು, ಒಂದು ಮೊಲ ಕೂಡ. ನೋಡುತ್ತೇನೆ ಎಂದು ಬರೆಯಲು ಹೊರಟೆ, ನೋಡುವುದು ಗೆರೆಯನ್ನು ಮಾತ್ರ. ಗೆರೆ ಮೇಲೆ ಹೋದರೆ ಓಡಿದೆ, ಕೆಳಗೆ ಬಿದ್ದರೆ ಮಲಗಿದೆ. ಹೆಚ್ಚಿನವು ಮುದಿ ಪ್ರಾಣಿಗಳು. ಮೊದಲಾದರೆ ಇಷ್ಟು ವರ್ಷ ಬದುಕುತ್ತಲೇ ಇರಲಿಲ್ಲ. ಈಗ ಅವಕ್ಕೂ ಕೀಲುನೋವಿನ ಮಾತ್ರೆ, ಹೃದಯದ ಮಾತ್ರೆ, ಮರೆವಿಗೂ ಒಂದು ಮಾತ್ರೆ. ಯಜಮಾನರ ಮಾತ್ರೆಯ ಪಕ್ಕದಲ್ಲೇ ಅದನ್ನೂ ಇಟ್ಟಿರುತ್ತಾರೇನೋ.

ಮೊದಲ ವಾರ ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡುತ್ತಿದ್ದೆ. ಯಾವುದಾದರೂ ಸಂಶಯ ಬಂದರೆ ಮನೆಯವರೊಡನೆ ಮಾತಾಡಬೇಕು ಎಂದು ಬರೆಯುತ್ತಿದ್ದೆ. ಕಂಪನಿಯವನು ಫೋನ್ ಮಾಡಿ, ಮೇಡಂ ತುಂಬ ಚೆನ್ನಾಗಿ ಮಾಡ್ತಿದ್ದೀರಿ, ಸ್ವಲ್ಪ ಬೇಗ ಮಾಡಿ ಎಂದ. ಈಗ ಬೇಗ ಮಾಡುತ್ತೇನೆ. ಕಣ್ಣು ಉರಿಯುತ್ತದೆ. ಆದರೆ ಕಣ್ಣಿಗೆ ಹನಿ ಸಿಗುತ್ತದೆ, ಭುಜಕ್ಕೆ ಏನೂ ಸಿಗುವುದಿಲ್ಲ.

ಕೆರೆಯ ಪಕ್ಕದ ಮನೆಯ ಅಣ್ಣ ಅತ್ತಿಗೆ ಹಸುಗಳನ್ನೆಲ್ಲ ಮಾರಿದರು. ಲಾರಿ ಹೋದ ಮೇಲೆ ಅತ್ತಿಗೆ ಖಾಲಿ ಕೊಟ್ಟಿಗೆಯನ್ನು ಪೂರ್ತಿ ತೊಳೆದಳಂತೆ. "ಯಾಕೆ ತೊಳೆದೆ ಅಂತ ನಂಗೇ ಗೊತ್ತಿಲ್ಲ ಡಾಕ್ಟರಮ್ಮ," ಎಂದಳು. ಈಗ ನನಗೆ ಉಳಿದದ್ದು ಮೂರೇ ಮನೆ. ಮೂರಕ್ಕಾಗಿ ಇಡೀ ಆಸ್ಪತ್ರೆ ತೆರೆದಿಡುವುದು ಹುಚ್ಚು.

ಏಪ್ರಿಲ್ ಕೊನೆಯ ವಾರ ಅಲ್ಲಿಗೇ ಬಂದು ಸಹಿ ಮಾಡೋಣ ಎಂದುಕೊಂಡಿದ್ದೇನೆ. ನೀನು ಒಂದು ಮಧ್ಯಾಹ್ನ ರಜೆ ಕೇಳು. ನಿನ್ನ ಸಾಕಕ್ಕನನ್ನೂ ನೋಡಬೇಕು.

ಅಮ್ಮ


ಏಪ್ರಿಲ್ 6

ಅಮ್ಮಾ,

ಇದು ಮೂರನೆಯ ಸಲ ಬರೆಯುತ್ತಿರುವುದು. ಮೊದಲ ಎರಡನ್ನು ಹರಿದೆ.

ಹೋದ ವಾರ ನಮ್ಮ ಹಾಲ್‌ನಲ್ಲಿ ಕೇಕ್ ಕತ್ತರಿಸಿದರು. ಕಂಪನಿಯ ಕೀಲುನೋವಿನ ಮಾತ್ರೆ ತೆಗೆದುಕೊಳ್ಳುವ ಮುದಿ ನಾಯಿಗಳಲ್ಲಿ ಅತಿ ಚುರುಕಾದದ್ದಕ್ಕೆ ಬಹುಮಾನವಂತೆ. ಗೆದ್ದದ್ದು ನನ್ನ ಪಾಲಿನ ನಾಯಿ, ಮೇಷ್ಟ್ರು. ಹನ್ನೆರಡು ವರ್ಷದ ನಾಯಿ ದಿನವೂ ನಾಲ್ಕು ಮಹಡಿ ಇಳಿದು ಹತ್ತುತ್ತಿದೆ, ಒಂದು ದಿನವೂ ತಪ್ಪಿಸಿಲ್ಲ, ಗೆರೆ ಕಡ್ಡಿ ಇಟ್ಟ ಹಾಗಿದೆ. ಅದರ ಫೋಟೋ ಹಾಕಿ ಎಲ್ಲ ಕಡೆ ಅಂಟಿಸುತ್ತೇವೆ, ಮಾತ್ರೆಗೆ ಇದಕ್ಕಿಂತ ಸಾಕ್ಷಿ ಬೇಕೇ ಎಂದರು. ಫೋಟೋ ತರಿಸುವ ಕೆಲಸ ನನಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನನಗೆ ನಿಜವಾಗಿಯೂ ಹೆಮ್ಮೆಯಾಗಿತ್ತು.

ತಾತನಿಗೆ ಫೋನ್ ಮಾಡಿದೆ. ಫೋಟೋ ಎಂದೊಡನೆ ತಡೆದರು. ಬೆಳಕು ಸರಿಯಿಲ್ಲ ಅಂದರು. ಹಳೆಯದಿದ್ದರೂ ಸಾಕು ಎಂದೆ. ಇಲ್ಲ ಇವತ್ತಿನದೇ ಬೇಕು, ಕೊರಳಲ್ಲಿ ಬೆಲ್ಟ್ ಕಾಣಬೇಕು ಎಂದು ಸಾಕಕ್ಕ ಪಕ್ಕದಿಂದ ಸನ್ನೆ ಮಾಡಿದಳು. ಅದನ್ನೂ ಹೇಳಿದೆ.

"ಮಗಳೇ, ಬೆಲ್ಟ್ ನನ್ನ ಕಾಲಲ್ಲಿದೆ," ಅಂದರು.

ನಾನು ಏನು ತಾತ ಎಂದೆ.

"ಮೇಷ್ಟ್ರು ಹೋಗಿ ಎರಡು ತಿಂಗಳ ಮೇಲಾಯ್ತು. ಬೆಲ್ಟ್ ಬಿಚ್ಚಿಟ್ಟೆ. ಬಿಚ್ಚಿಟ್ರೆ ನೀನು ಫೋನ್ ಮಾಡಲ್ಲ ಅಂತ ಹೊಳೀತು. ಕಾಲಿಗೆ ಕಟ್ಕೊಂಡು ಅವರು ಹೋಗ್ತಿದ್ದ ದಾರೀಲೇ ಹೋಗಿ ಬಂದೆ. ಮಾರನೇ ದಿನಾನೂ ಹೋದೆ. ನಿಂಗೆ ಒಂದ್ಸಲಾನೂ ಅವರು ಚೆನ್ನಾಗಿದಾರೆ ಅಂತ ನಾನು ಹೇಳಿಲ್ಲ, ನೋಡು. ಆ ಮಾತು ನೀನೇ ಹೇಳ್ತಿದ್ದೆ."

ನಿಜ ಅಮ್ಮ. ಆ ಮಾತನ್ನು ನಾನೇ ಹೇಳುತ್ತಿದ್ದೆ, ಪ್ರತಿ ಭಾನುವಾರ.

ನಾಯಿ ಸತ್ತಿದೆ ಎಂದು ನಾನು ಬರೆಯಬೇಕಾಗುತ್ತದೆ ತಾತ ಎಂದೆ. "ಬರಿ. ಬರೀದೆ ಇದ್ರೆ ನೀನು ನೀನಲ್ಲ. ಆದ್ರೆ ಇವತ್ತೇ ಬೇಡ, ಮುಂದಿನ ಭಾನುವಾರ ಒಂದು ಮಾತಾಡಿ ಆಮೇಲೆ ಬರಿ," ಅಂದರು.

ಸಾಕಕ್ಕನಿಗೆ ಹೇಳಿದೆ. ಅವಳು ಹಣೆ ಒತ್ತಿಕೊಂಡಳು.

"ಬೆಲ್ಟ್ ನಡೀತಿದೆ, ಮುದುಕ್ರು ನಡೀತಿದಾರೆ, ಎಲ್ರೂ ಖುಷಿಯಾಗಿದಾರೆ. ನಿಂಗೇನೇ ಕಷ್ಟ?"

"ನಾಯಿ ಸತ್ತಿದೆ ಅಕ್ಕ."

"ಸತ್ತ ನಾಯಿಗೆ ನೀನೇನು ಮಾಡೋಕಾಗತ್ತೆ?"

"ಸತ್ತಿದೆ ಅಂತ ಬರೀಬಹುದು."

"ಹರಿಶ್ಚಂದ್ರನ ಮೊಮ್ಮಗಳು," ಎಂದು ಗೊಣಗಿದಳು. ಆಮೇಲೆ, "ಫೋಟೋ ಸಿಗಲಿಲ್ಲ ಅಂತ ಬಿಟ್ಬಿಡೋಣ. ಬಹುಮಾನ ಬೇರೆ ನಾಯಿಗೆ ಹೋಗತ್ತೆ," ಎಂದಳು. ಮಾತ್ರೆಯ ಸಾಕ್ಷಿಯಲ್ಲಿ ಈ ಗೆರೆ ಇದ್ದೇ ಇರುತ್ತದಲ್ಲ ಎಂದೆ. ಅದನ್ನು ನೋಡಿ ಯಾರ್ಯಾರೋ ತಮ್ಮ ನಾಯಿಗೆ ಆ ಮಾತ್ರೆ ನುಂಗಿಸುತ್ತಾರೆ, ಅದರಲ್ಲಿ ಹತ್ತುತ್ತಿರುವುದು ಲಿಫ್ಟ್ ರಿಪೇರಿಯವನ ಕಾಲು. ಅವಳು ತಡೆಯಲಿಲ್ಲ.

ನಾನು ಅವತ್ತೇ ಬರೆದೆ. ಮುಂದಿನ ಭಾನುವಾರದವರೆಗೆ ಕಾಯಬಹುದಿತ್ತು. ಕಾದರೆ ಬರೆಯುವುದಿಲ್ಲವೆಂದು ಹೆದರಿದೆ. ಬರೆದ ಕೂಡಲೇ ತಾತನ ಹೆಸರು ನನ್ನ ಪರದೆಯಿಂದ ಹೋಯಿತು, ನಂಬರೂ ಹೋಯಿತು. ಇವತ್ತು ಭಾನುವಾರ. ಅವರ ಹೊತ್ತಿಗೆ ಬೇರೆ ಯಾರದೋ ಬೆಕ್ಕು ಬಂತು.

ನಿನಗೆ ಇದನ್ನೆಲ್ಲ ಬರೆದರೆ ಸಹಿ ಮಾಡುವುದಿಲ್ಲ ಎನ್ನುತ್ತೀಯೋ ಎಂದು ಹೆದರಿಕೆ. ಮಾಡು. ಇದು ಒಂದು ನಾಯಿಯ ಕಥೆ ಅಷ್ಟೆ.

ಬುಗುರಿ


ಏಪ್ರಿಲ್ 12

ಬುಗುರಿ,

ಬರೆದದ್ದು ಸರಿ. ತಾತನ ಮಾತಿಗಾಗಿ ಒಂದು ವಾರ ಕಾದಿದ್ದರೂ ಸರಿಯೇ ಇರುತ್ತಿತ್ತು. ಎರಡೂ ಸರಿಯಿರುವಾಗಲೇ ಮನುಷ್ಯ ನಿದ್ದೆಗೆಡುವುದು.

ನಿನ್ನ ಪತ್ರ ಎರಡು ಸಲ ಓದಿದೆ. ಬೇಕರಿಯಲ್ಲಿ ಹಳೆಯ ಬ್ರೆಡ್ಡನ್ನು ಹೊಸದೆಂದು ಮಾರಿದ್ದು ಯಾರು, ಕೊರಿಯರ್ ಪೊಟ್ಟಣ ಒಡೆದದ್ದು ಯಾರು ಎಂದು ನೀನು ಹಿಂದೆಲ್ಲ ಹೆಸರು ಹಿಡಿದು ಬರೆದು ಕೆಲಸ ಕಳೆದುಕೊಂಡವಳು. ಈ ಸಲ ಎಲ್ಲರೂ ಇದ್ದಾರೆ. ತಾತ, ಸಾಕಕ್ಕ, ಕೇಕ್ ಕತ್ತರಿಸಿದವರು. ಎರಡು ತಿಂಗಳು ಆ ಗೆರೆ ನೋಡಿ ನಾಯಿ ಚೆನ್ನಾಗಿದೆ ಎಂದು ಬರೆದ ಡಾಕ್ಟರು ಮಾತ್ರ ಇಲ್ಲ.

ಪರದೆಯಲ್ಲಿ ಆ ಹೆಸರು ಇರುತ್ತದೆ. ನನಗೆ ಗೊತ್ತು, ನಾನೂ ಅದೇ ಪರದೆ ನೋಡುತ್ತೇನೆ.

ಯಾರು?

ಅಮ್ಮ


ಏಪ್ರಿಲ್ 16

ಅಮ್ಮಾ,

ನೀನು.

ಬೇರೆ ಯಾರ ಹೆಸರಾದರೂ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ. ಒಂದು ಸಾಲು ಬಿಟ್ಟರೆ ಅದು ಸುಳ್ಳಲ್ಲ ಎಂದುಕೊಂಡೆ. ಹರಿದ ಎರಡು ಪತ್ರಗಳಲ್ಲಿ ಆ ಸಾಲು ಇತ್ತು.

ಇಲ್ಲಿ ಎಲ್ಲ ಡಾಕ್ಟರೂ ಮಾಡುವುದು ಅದನ್ನೇ. ನಿನ್ನ ಜಾಗದಲ್ಲಿ ಯಾರಿದ್ದರೂ ಅದನ್ನೇ ಬರೆಯುತ್ತಿದ್ದರು. ಇದು ಸಮಾಧಾನಕ್ಕೆ ಹೇಳಿದ್ದಲ್ಲ, ಪರದೆಯಲ್ಲಿ ದಿನವೂ ನೋಡುತ್ತೇನೆ. ನಿನ್ನದು ಏನೂ ಹೆಚ್ಚಿನ ತಪ್ಪಲ್ಲ.

ನನ್ನ ಕಡೆ ಒಂದು ಸುದ್ದಿ. ಇನ್ನು ಕೆಲವು ತಿಂಗಳಿಗೆ ನಮ್ಮ ಕೆಲಸವನ್ನು ಯಂತ್ರವೇ ಮಾಡುತ್ತದಂತೆ. ಮುದುಕರು ನನ್ನ ದನಿಗೆ ಚೆನ್ನಾಗಿ ಫೋನ್ ಎತ್ತುತ್ತಾರೆ, ಅದಕ್ಕೆ ನನ್ನ ದನಿಯನ್ನೇ ಯಂತ್ರಕ್ಕೆ ಕಲಿಸುತ್ತೇವೆ ಎಂದು ಕರೆದು ಹೇಳಿದರು. ಗಾಜಿನ ಕೋಣೆಯಲ್ಲಿ ಕೂತು ಒಂದು ವಾರ ಓದಬೇಕಂತೆ. "ಅಯ್ಯೋ", "ಹೌದಾ", "ಪಾಪ" ಇವನ್ನೂ ಬೇರೆ ಬೇರೆ ಥರ ಹೇಳಬೇಕಂತೆ. ಆಗುವುದಿಲ್ಲ ಎಂದೆ. ಹಾಗಾದರೆ ಮುಂದಿನ ತಿಂಗಳಿಂದ ಬರಬೇಡ ಎಂದರು. ಸಾಕಕ್ಕ ಮೆಟ್ಟಿಲ ಹತ್ತಿರ ಹಿಡಿದುಕೊಂಡು, "ಓದಿಬಿಡೇ ಹುಡುಗಿ, ದನಿ ತಾನೇ, ಸವೆಯತ್ತಾ?" ಅಂದಳು. ಸವೆಯುವುದಿಲ್ಲವಲ್ಲ, ಅದೇ ತೊಂದರೆ ಎಂದೆ.

ನನ್ನ ಕೆಲಸ ಹೋಗುವುದು ಹೊಸದಲ್ಲ. ಇನ್ನೊಂದು ಸಿಗುತ್ತದೆ. ನಿನಗೆ ಇನ್ನೊಂದು ಭುಜ ಸಿಗುವುದಿಲ್ಲ. ಆದ್ದರಿಂದ ಮತ್ತೆ ಬರೆಯುತ್ತೇನೆ, ಕೊಟ್ಟುಬಿಡು. ಬರುವ ದಿನ ತಿಳಿಸು. ಬಸ್ ನಿಲ್ದಾಣಕ್ಕೆ ಬರುತ್ತೇನೆ.

ಬುಗುರಿ


ಏಪ್ರಿಲ್ 27

ಬುಗುರಿ,

ಬಂದಿದ್ದೆ. ನಿನಗೆ ತಿಳಿಸಲಿಲ್ಲ. ನಿನ್ನ ಕಟ್ಟಡದ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ, ತೆರೆಯಲಾಗದ ಕಿಟಕಿಗಳನ್ನು ನೋಡಿದೆ. ಮೇಲೆ ಬಂದರೆ ನೀನು ಕೊಟ್ಟುಬಿಡು ಎನ್ನುತ್ತಿದ್ದೆ, ನನ್ನ ಮುಖಕ್ಕೆ ನೇರವಾಗಿ ಹೇಳಿದರೆ ನಾನು ಕೊಟ್ಟುಬಿಡುತ್ತಿದ್ದೆ. ಸಿಟ್ಟಾಗಬೇಡ. ಆದರೂ ಸರಿ.

ಕಂಪನಿಗೆ ಹೋಗುವ ಮೊದಲು ತಾತನ ಮನೆಗೆ ಹೋದೆ. ವಿಳಾಸ ನನ್ನ ಪರದೆಯಲ್ಲಿತ್ತು, ನಾಯಿಯ ಹೆಸರಿನ ಕೆಳಗೆ. ನಾಲ್ಕು ಮಹಡಿ ಹತ್ತುವುದರಲ್ಲಿ ಎರಡು ಕಡೆ ಕೂತೆ. ಬಾಗಿಲು ತೆಗೆದವರು ನಾನು ಅಂದುಕೊಂಡದ್ದಕ್ಕಿಂತ ಎತ್ತರವಿದ್ದಾರೆ, ಅಂಗಿಯ ಗುಂಡಿ ಕತ್ತಿನವರೆಗೆ ಹಾಕಿದ್ದರು.

"ಯಾರು ಬೇಕಾಗಿತ್ತು?"

"ನಿಮ್ಮ ಮೇಷ್ಟ್ರು ಚೆನ್ನಾಗಿದ್ದಾರೆ ಅಂತ ಬರೆದ ಡಾಕ್ಟರು ನಾನು," ಎಂದೆ.

ಅವರು ಬಾಗಿಲನ್ನು ಪೂರ್ತಿ ತೆರೆದರು. "ಒಳಗೆ ಬನ್ನಿ, ಏದುಸಿರು ಬಿಡ್ತಿದ್ದೀರಿ," ಎಂದರು. ನೀರು ಕೊಟ್ಟರು. ನಾನು ಬಂದ ಕಾರಣ ಹೇಳಿದೆ. ನಿಮ್ಮ ನಾಯಿಯನ್ನು ನೋಡದೆ, ಬದುಕಿದೆಯೋ ಇಲ್ಲವೋ ಎಂದೂ ತಿಳಿಯದೆ ಚೆನ್ನಾಗಿದೆ ಎಂದು ಬರೆದೆ. ಗೆರೆಯಲ್ಲಿ ಕೆರೆತ ನಿಂತಿತ್ತು. ಚರ್ಮ ವಾಸಿಯಾಗಿದೆ ಎಂದುಕೊಂಡೆ. ಮುದಿ ನಾಯಿ ಒಂದು ಸಲವೂ ಮೈ ಕೆರೆಯದೆ ಇರುವುದುಂಟೇ? ಆ ಗೆರೆ ನನ್ನ ಪಾಲಿಗೆ ಬಂದದ್ದು ಮೊದಲ ವಾರವಾಗಿದ್ದರೆ ಹಿಡಿಯುತ್ತಿದ್ದೆ. ನಾನು ಬೇಗ ಬೇಗ ನೋಡುತ್ತಿದ್ದೆ. ಇಷ್ಟನ್ನೂ ಹೇಳಿದೆ.

ಅವರು ನಕ್ಕರು. "ನೀವು ಬರ್ದಿದ್ದು ನನ್ನ ಕಾಲಿನ ವಿಷಯ ತಾನೇ? ಅದೇನೋ ಚೆನ್ನಾಗೇ ಇದೆ. ಈಗ ಸ್ವಲ್ಪ ಕಡಿಮೆಯಾಗಿದೆ, ಬೆಲ್ಟ್ ವಾಪಸ್ ಹೋಯ್ತಲ್ಲ." ನಿನ್ನನ್ನು ಕೇಳಿದರು. ಸಿಟ್ಟಿಲ್ಲ ಎಂದು ಹೇಳಲು ಹೇಳಿದರು. ಆಮೇಲೆ ನಾನು ಹೊರಡುವಾಗ ಕೇಳಿದರು. "ಡಾಕ್ಟರೇ, ಅವರಿಗೆ ಏನಾಗಿತ್ತು?"

ಅವರಿಗೆ ಯಾರೂ ಅದನ್ನು ಹೇಳಿರಲಿಲ್ಲ. ಹತ್ತಿರದ ಪ್ರಾಣಿ ಆಸ್ಪತ್ರೆಯನ್ನು ಕಂಪನಿ ಕೊಂಡು ಬಾಗಿಲು ಹಾಕಿದೆ. ನಾಯಿ ರಾತ್ರಿ ಕೆಮ್ಮುತ್ತಿತ್ತಂತೆ. ಬೆಲ್ಟಿಗೆ ಕೆಮ್ಮು ತಿಳಿಯುವುದಿಲ್ಲ. ಆಗ ಗೆರೆ ನೋಡುತ್ತಿದ್ದ ಡಾಕ್ಟರು ಬೇರೆ, ಅವರೂ ಚೆನ್ನಾಗಿದೆ ಎಂದೇ ಬರೆದಿದ್ದರು. ಹೊಟ್ಟೆ ಊದಿತ್ತೇ, ಒಸಡು ಬಿಳಿಚಿತ್ತೇ, ಮಲಗುವಾಗ ಕತ್ತು ಚಾಚುತ್ತಿತ್ತೇ ಎಂದು ಕೇಳಿದೆ. ಹೃದಯ ಇರಬಹುದು ಎಂದೆ. "ಬೇಗ ಕರ್ಕೊಂಡು ಹೋಗಿದ್ರೆ?" ಎಂದರು. ಗೊತ್ತಿಲ್ಲ ಎಂದೆ. ಅವರಿಗೆ ಅದು ಸಾಕಾಯಿತು ಎಂದು ನನಗನ್ನಿಸಿತು, ಅಥವಾ ಹಾಗೆ ಅಂದುಕೊಂಡು ನಾನು ಮೆಟ್ಟಿಲಿಳಿದೆ.

ಕಂಪನಿಯಲ್ಲಿ ಎರಡು ಕೇಳಿದೆ. ಇಷ್ಟು ದಿನ ನಾನು ಬರೆದದ್ದನ್ನೆಲ್ಲ ಮತ್ತೊಮ್ಮೆ ನೋಡುತ್ತೇನೆ, ತೆರೆದು ಕೊಡಿ ಎಂದೆ. "ಇದರಲ್ಲಿ ಹಿಂದಕ್ಕೆ ಹೋಗೋಕಾಗಲ್ಲ ಮೇಡಂ," ಎಂದ, ಬೂಟು ಬಿಚ್ಚಿದ್ದ ಅದೇ ಹುಡುಗ. ಹಾಗಾದರೆ ಆಸ್ಪತ್ರೆಯ ಕೋಣೆ, ಫ್ರಿಜ್ಜು, ಜಾಗ ಎಲ್ಲ ತೆಗೆದುಕೊಳ್ಳಿ, ಗೆರೆ ನೋಡುವ ಮೂರು ವರ್ಷ ಮಾತ್ರ ಬೇಡ ಎಂದೆ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಕೋಣೆ ತಗೊಂಡು ನಾವೇನು ಮಾಡೋಣ ಮೇಡಂ? ನಮಗೆ ಬೇಕಾಗಿರೋದು ನೀವು," ಎಂದ. ಇಷ್ಟು ವರ್ಷಗಳಲ್ಲಿ ಇಂಥ ಮಾತನ್ನು ಯಾರೂ ಹೇಳಿರಲಿಲ್ಲ. ಎದ್ದು ಬಂದೆ.

ಕೊಡಲಿಲ್ಲ, ಬುಗುರಿ. ನೀನು ಹೇಳಿದಂತೆ ಕೇಳಲಿಲ್ಲ. ಕಂಪ್ಯೂಟರನ್ನು ರಟ್ಟಿನ ಡಬ್ಬದಲ್ಲಿ ಕಟ್ಟಿಟ್ಟಿದ್ದೇನೆ, ಅವರು ಬಂದು ಒಯ್ಯಲಿ.

ಇವತ್ತು ಬೆಳಕು ಹರಿಯುವ ಮೊದಲೇ ಉಳಿದ ಮೂರು ಮನೆಗಳಲ್ಲಿ ಒಂದರಿಂದ ಕರೆ ಬಂತು. ಕರು ಅಡ್ಡ ಬಂದಿತ್ತು. ಬಲಗೈಯಲ್ಲಿ ತಿರುಗಿಸಲು ನೋಡಿದೆ, ಅಭ್ಯಾಸವಿಲ್ಲ. ಎಡಗೈಯನ್ನೇ ಇಟ್ಟೆ. ಮನೆಯ ಯಜಮಾನರಿಗೆ ಎಪ್ಪತ್ತೆರಡು, ಹಗ್ಗ ಎಳೆಯಲು ಅವರೂ ಅವರ ಹೆಂಡತಿಯೂ ನಿಂತರು. "ಮೂರು ಮುದಿಗಳು ಸೇರಿ ಒಂದು ಮರಿ ಎಳೆದ ಹಾಗಾಯ್ತು," ಎಂದು ಆಕೆ ನಕ್ಕರು. ಕರು ಬದುಕಲಿಲ್ಲ. ಒಳಗೇ ಹೋಗಿತ್ತು. ಹಸುವಿಗೆ ಕ್ಯಾಲ್ಸಿಯಂ ಹಾಕಿದ್ದೇನೆ, ಪಕ್ಕಕ್ಕೆ ಉರುಳದಂತೆ ಹುಲ್ಲು ಒತ್ತು ಕೊಟ್ಟು ಎದೆಯೂರಿ ಕೂರಿಸಿದ್ದೇನೆ. ಭುಜ ಮತ್ತೆ ಮೊದಲಿನ ಹಾಗೇ. ಈ ಪತ್ರವನ್ನು ಸಂಜೆಯವರೆಗೆ ಬಿಟ್ಟು ಬಿಟ್ಟು ಬರೆದೆ.

ಹಸು ಉಳಿಯುತ್ತದಾ ಎಂದು ಅವರು ಬಾಗಿಲವರೆಗೆ ಬಂದು ಕೇಳಿದರು. ಇನ್ನೂ ಎದ್ದಿಲ್ಲ. ಏಳುತ್ತದೆ ಎಂದು ಹೇಳಲಾರೆ, ಏಳುವುದಿಲ್ಲ ಎಂದೂ ಹೇಳಲಾರೆ. ಬೆಳಿಗ್ಗೆ ಹೋಗಿ ನೋಡುತ್ತೇನೆ.

ನಿನ್ನ ಅಮ್ಮ